ಆಟದ ರೈಲಿಗೆ ಹೊಸ ಕೊಂಡಿ

ಗೋಣಿಬೀಡಿನ ಮಕ್ಕಳು ರೈಲು ನೋಡಬೇಕೆಂದರೆ ಸಕಲೇಶಪುರಕ್ಕೆ ಹೋಗಬೇಕು. ಸುಬ್ರಹ್ಮಣ್ಯ ರಸ್ತೆ ನಿಲ್ದಾಣದಿಂದ ಅಲ್ಲಿಗೆ ಸುಮಾರು 55 ಕಿ.ಮೀ. ಘಟ್ಟದ ದಾರಿ, 50 ಅಡಿ ಸಾಗಿದರೆ 1 ಅಡಿ ಏರು. ಎಂಜಿನ್ ಎಳೆಯುವಾಗ ಇಡೀ ಗಾಡಿಯ ಭಾರ ಮೊದಲ ಕೊಂಡಿಯ ಮೇಲೆ. ಅದಕ್ಕೇ ಸರಕು ಗಾಡಿಗಳನ್ನು ಹಿಂದಿನಿಂದಲೂ ಎಂಜಿನ್ ತಳ್ಳುತ್ತದೆ. ಕೊಂಡಿ ಕಳಚಿದರೆ ಗಾಳಿಯ ಕೊಳವೆಯೂ ಕಳಚಿ ಬ್ರೇಕ್ ತಾನಾಗಿ ಹಿಡಿಯುತ್ತದೆ.

ಆಟದ ರೈಲಿಗೆ ಆ ಬ್ರೇಕಿಲ್ಲ. ಮೇಜಿನ ಮೇಲಿನ ಏರಿನಲ್ಲಿ ಕೊಂಡಿ ಕಳಚಿದರೆ ವ್ಯಾಗನ್ನುಗಳು ನೆಲಕ್ಕೇ! ಬೇರೆ ಬೇರೆ ಕಂಪೆನಿಯವನ್ನು ಸೇರಿಸಿದಾಗ ಹೀಗಾಗುವುದು ಹೆಚ್ಚು. ಹಾರ್ನ್‌ಬಿಯದು ಕೊಕ್ಕೆ, ಕೇಡೀಯದು ಮಡಚಿದ ಬೆರಳಿನಂಥದು, ಒಂದಕ್ಕೊಂದು ಕೂಡವು. ಎಲ್ಲಕ್ಕೂ ಒಂದೇ ಬಗೆಯದನ್ನು ಹಾಕಬೇಕು.

ವ್ಯಾಗನ್ನಿನ ತುದಿಯಡಿ ಪುಟ್ಟ ಚೌಕ ಗೂಡಿದ್ದರೆ ಹಳೆಯದನ್ನು ಎಳೆದು ಹೊಸದನ್ನು ಒತ್ತಿದರಾಯಿತು. ಇಲ್ಲವಾದರೆ ಸ್ಕ್ರೂ ಬಿಚ್ಚಬೇಕು. ಅಂಟು ಬೇಡ; ತಿರುವಿನಲ್ಲಿ ಕೊಂಡಿ ಆಚೀಚೆ ಆಡಬೇಕಲ್ಲ. ಮುಖ್ಯವಾದದ್ದು ಎತ್ತರ. ಸಮತಟ್ಟಾದ ಹಳಿಯ ಮೇಲೆ ಎರಡು ವ್ಯಾಗನ್ನುಗಳನ್ನು ಎದುರುಬದುರು ಇಟ್ಟು, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ನೋಡಿ. ಒಂದು ಮೇಲಿದ್ದರೆ ಏರು ಶುರುವಾಗುವಲ್ಲೇ ಜಾರುತ್ತದೆ. ಸ್ಕ್ರೂ ಕೊಂಡಿಯಾದರೆ ಅದಕ್ಕೂ ವ್ಯಾಗನ್ನಿನ ತಳಕ್ಕೂ ನಡುವೆ ತೆಳು ಪ್ಲಾಸ್ಟಿಕ್ ಚೂರು ಇಟ್ಟು ತಗ್ಗಿಸಬಹುದು. ಮೊದಲು ಒಂದೇ ವ್ಯಾಗನ್ನಿಗೆ ಮಾಡಿ, ಓಡಿಸಿ ನೋಡಿ.

ಕೆಲಸಕ್ಕೆ ಬಿಳಿ ಪಂಚೆ ಹಾಸಿಕೊಂಡು ಕೂರುವುದು ಲೇಸು. ಕೇಡೀ ಕೊಂಡಿಯ ಸ್ಪ್ರಿಂಗು ಬಲು ಸಣ್ಣದು. ಹಾರಿತೆಂದರೆ ಮಂಚದಡಿ ಟಾರ್ಚು ಹಿಡಿದು ಹುಡುಕುವವರು ಅಪ್ಪ ಅಮ್ಮನೇ.