ಆದ್ಯಕ್ಷರದ ಮೋಹ

ಪರೀಕ್ಷೆಯ ಕಾಲವು ಸಮೀಪಿಸಿತೆಂದರೆ ವಿದ್ಯಾವಂತರ ಮನೆಗಳಲ್ಲಿ ಒಂದು ವಿಲಕ್ಷಣವಾದ ಪಾರಾಯಣಕ್ಕೆ ಪ್ರಾರಂಭವಾಗುತ್ತದೆ. ಹುಡುಗನೋ ಹುಡುಗಿಯೋ ಗೋಡೆಗೊರಗಿ ಕುಳಿತು, ಇಂಗ್ಲಿಷು ಶಬ್ದಗಳ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು, ‘ಅಬೇಸ್, ಅಬೇಟ್, ಅಬ್ಡಿಕೇಟ್, ಅಬೆಟ್, ಅಬ್ಹಾರ್, ಅಬ್ಜೂರ್’ ಎಂದು ಕಣ್ಣು ಮುಚ್ಚಿ ಉರುಹಚ್ಚುವುದು. ಪ್ರತಿಯೊಂದು ಶಬ್ದದ ಎದುರಿಗೂ ಒಂದು ಅರ್ಥ, ಎರಡು ಪರ್ಯಾಯಪದ. ‘ಎ’ ಮುಗಿದರೆ ‘ಬಿ’, ‘ಬಿ’ ಮುಗಿದರೆ ‘ಸಿ’. ಈಚೆಗೆ ಪಟ್ಟಿಯ ಸ್ಥಾನದಲ್ಲಿ ಮೊಬೈಲು ಬಂದಿದೆಯಾದರೂ ಕ್ರಮವು ಮಾತ್ರ ಬದಲಾಗಿಲ್ಲ. ಸಂಜೆಗೆ ತಂದೆಯವರು ‘ಈ ದಿನ ಎಷ್ಟಾಯಿತಪ್ಪ?’ ಎಂದು ಕೇಳುವರು. ‘ಐವತ್ತು’ ಎಂಬ ಉತ್ತರದಿಂದ ಮನೆಯವರೆಲ್ಲರಿಗೂ ಸಂತೋಷ. ವಾರ ಕಳೆದ ಬಳಿಕ ಅದೇ ವಿದ್ಯಾರ್ಥಿಯನ್ನು ‘ಅಬೇಟ್’ ಎಂದರೇನು, ‘ಅಬೆಟ್’ ಎಂದರೇನು ಎಂದು ಕೇಳಿದರೆ, ತಗ್ಗುವುದು ಯಾವುದು, ಕುಮ್ಮಕ್ಕು ಕೊಡುವುದು ಯಾವುದು ಎಂಬ ಭೇದವು ತೋರದೆ ತಡವರಿಸುತ್ತಾನೆ. ಆಗ ‘ಹುಡುಗನಿಗೆ ಜ್ಞಾಪಕಶಕ್ತಿ ಸಾಲದು’ ಎಂದು ತೀರ್ಪಾಗುತ್ತದೆ. ತಪ್ಪು ಹುಡುಗನದಲ್ಲ, ಪಟ್ಟಿಯದು.

ಇಂಗ್ಲಿಷನ್ನು ಕಲಿಯಬಾರದೆಂಬುದು ಇಲ್ಲಿಯ ವಾದವಲ್ಲ. ಕಂಠಪಾಠವು ಹೇಯವೆಂದೂ ಅಲ್ಲ. ಅಕ್ಷರಾನುಕ್ರಮವು ಶಬ್ದವನ್ನು ಹುಡುಕುವುದಕ್ಕೋಸ್ಕರ ಏರ್ಪಟ್ಟ ಉಪಾಯವೇ ಹೊರತು ಶಬ್ದವನ್ನು ಕಲಿಯುವುದಕ್ಕೋಸ್ಕರ ಏರ್ಪಟ್ಟದ್ದಲ್ಲವೆಂಬುದಿಷ್ಟೇ ವಾದವು. 1604ರಲ್ಲಿ ರಾಬರ್ಟ್ ಕಾಡ್ರಿ ಎಂಬಾತನು ಸುಮಾರು 2500 ಕಠಿನಶಬ್ದಗಳ ಕೋಶವೊಂದನ್ನು ಪ್ರಕಟಿಸಿದನು. ಇಂಗ್ಲಿಷು ಶಬ್ದಗಳಿಗೆ ಇಂಗ್ಲಿಷಿನಲ್ಲಿಯೇ ಅರ್ಥ ಹೇಳುವ ಕೋಶಗಳಲ್ಲಿ ಅದನ್ನೇ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆ ಕೋಶದ ಪೀಠಿಕೆಯಲ್ಲಿ ಅವನು, ‘ಎ’ಕಾರದಿಂದ ಮೊದಲಾಗುವ ಶಬ್ದವನ್ನು ಗ್ರಂಥದ ಆದಿಯಲ್ಲಿಯೂ ‘ವಿ’ಕಾರದಿಂದ ಮೊದಲಾಗುವುದನ್ನು ಅಂತ್ಯದ ಕಡೆಯಲ್ಲಿಯೂ ನೋಡಬೇಕೆಂದು ಓದುಗರಿಗೆ ತಿಳಿಯಹೇಳಿದ್ದಾನೆ. ಎಂದರೆ ಅಕ್ಷರಕ್ರಮವು ಅಂದಿನ ಓದುಗನಿಗೆ ಹೊಸದಾಗಿ ಕೊಟ್ಟ ಒಂದು ಬೀಗದ ಕೈ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ ಕೋಶವೂ ಅಕ್ಷರಕ್ರಮದಲ್ಲಿಯೇ ಇದೆ. ಆ ಮಹಾಗ್ರಂಥವನ್ನು ಅಕಾರದಿಂದ ಹಿಡಿದು ಬಾಯಿಪಾಠ ಮಾಡಿ ಕನ್ನಡವನ್ನು ಕಲಿತವನು ಯಾವನಾದರೂ ಉಂಟೇ? ಬೀಗದ ಕೈಯನ್ನು ಎಣಿಸುತ್ತ ಕುಳಿತವನಿಗೆ ಉಗ್ರಾಣದ ಧಾನ್ಯವು ದೊರಕಲಾರದು.

ಪಟ್ಟಿಯ ಮೊದಲನೆಯ ದೋಷವೇನೆಂದರೆ, ಬಂಧುಗಳಲ್ಲದವರನ್ನು ಅದು ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ‘ಎ, ಬಿ’ ಎಂಬ ಎರಡು ಅಕ್ಷರಗಳಿಂದ ಮೊದಲಾಗುವ ಶಬ್ದಗಳನ್ನೇ ವಿಚಾರಿಸಬಹುದು. ಅವುಗಳಲ್ಲಿ ಒಂದು ವರ್ಗವು ಲ್ಯಾಟಿನ್ ಭಾಷೆಯ ‘ಅಬ್’ ಎಂಬ ಉಪಸರ್ಗವುಳ್ಳದ್ದು. ‘ಅಬ್’ ಎಂದರೆ ಆಚೆಗೆ, ದೂರಕ್ಕೆ. ದೂರವಾಗಿ ಸಾರಿಬಿಡುವುದು ‘ಅಬ್ಡಿಕೇಟ್’. ಆಣೆಯಿಟ್ಟು ದೂರಮಾಡುವುದು ‘ಅಬ್ಜೂರ್’. ಮೈನವಿರೆದ್ದು ಹಿಂದೆಗೆಯುವುದು ‘ಅಬ್ಹಾರ್’. ತನ್ನನ್ನು ದೂರದಲ್ಲಿ ಹಿಡಿದಿಟ್ಟುಕೊಳ್ಳುವುದು ‘ಅಬ್ಸ್ಟೇನ್’. ಈ ನಾಲ್ಕೂ ಒಂದೇ ಮನೆಯ ಮಕ್ಕಳು. ಆದರೆ ಇವುಗಳ ನಡುವೆಯೇ ಪಟ್ಟಿಯಲ್ಲಿ ಬಂದು ಕೂರುವ ‘ಅಬೇಟ್’ ಎಂಬುದು ಹೊಡೆದು ಕೆಡಹುವುದೆಂಬರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಬಂದುದು; ‘ಅಬೇಸ್’ ತಗ್ಗು ಎಂಬರ್ಥದ ಶಬ್ದದಿಂದ; ‘ಅಬೆಟ್’ ಛೂಬಿಡುವುದೆಂಬರ್ಥದ ಶಬ್ದದಿಂದ. ‘ಅಬೌಟ್’, ‘ಅಬೌವ್’ ಎಂಬಿವು ಅಪ್ಪಟ ಹಳೆಯ ಇಂಗ್ಲಿಷಿನವು. ಮಠಾಧಿಪತಿಯೆಂಬರ್ಥದ ‘ಅಬ್ಬಟ್’ ಶಬ್ದದ ಮೂಲವಂತೂ ತಂದೆಯನ್ನು ಕರೆಯುವ ಅರಮಾಯಿಕ್ ಮಾತು. ಹೀಗೆ ನಾಲ್ಕು ದೇಶಗಳ ಪಯಣಿಗರು ಒಂದೇ ಛತ್ರದಲ್ಲಿ ಇಳಿದುಕೊಂಡ ಮಾತ್ರಕ್ಕೆ ದಾಯಾದಿಗಳಾದಾರೆಯೇ?

ಸಂಸ್ಕೃತದ ಗಂಧವಿದ್ದವರಿಗೆ ಇದು ಹೊಸ ಸಂಗತಿಯಲ್ಲ. ಲ್ಯಾಟಿನ್ನಿನ ‘ಅಬ್’ ಮತ್ತು ಸಂಸ್ಕೃತದ ‘ಅಪ’ ಎಂಬ ಉಪಸರ್ಗ, ಇವೆರಡೂ ಒಂದೇ ಮೂಲದ ಸೋದರಶಬ್ದಗಳು. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಏಕಮೂಲದವಾಗಿರಬೇಕೆಂದು ಸಾರಿದ ಮೇಲೆ ವಿದ್ವಾಂಸರು ಗೊತ್ತುಮಾಡಿದ ಸಾಮ್ಯಗಳಲ್ಲಿ ಇದೂ ಒಂದು. ಈಗ ‘ಅಪ’ ಎಂದು ಮೊದಲಾಗುವ ಶಬ್ದಗಳನ್ನು ಯಾರಾದರೂ ಪಟ್ಟಿಮಾಡಲಿ. ಅಪಹಾರ, ಅಪಮಾನ, ಅಪಕೀರ್ತಿ ಎಂಬಲ್ಲಿ ‘ಅಪ’ ಉಪಸರ್ಗವು ಉಂಟು. ಅಪಕ್ವ, ಅಪಥ್ಯ, ಅಪಾತ್ರ, ಅಪಾರ ಎಂಬಲ್ಲಿ ಅದಿಲ್ಲ. ಅಲ್ಲಿರುವುದು ನಿಷೇಧದ ಅಕಾರ ಮಾತ್ರ. ಅಪಮಾನವನ್ನೂ ಅಪಾರವನ್ನೂ ಒಂದೇ ಗುಂಪಿಗೆ ಸೇರಿಸಿ ಕಲಿಸುವ ಪಂಡಿತನನ್ನು ಪಾಠಶಾಲೆಯ ಚಿಕ್ಕ ಹುಡುಗನೂ ಪರಿಹಾಸ ಮಾಡಿಯಾನು. ಅಲ್ಲಿ ಕಲಿಸುವ ರೀತಿಯೇ ಬೇರೆ. ಒಂದು ‘ಹೃ’ ಧಾತುವನ್ನು ಹಿಡಿದು ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ತೋರಿಸಿದರೆ, ಉಪಸರ್ಗವು ಧಾತ್ವರ್ಥವನ್ನು ಎಲ್ಲಿಂದೆಲ್ಲಿಗೆ ಒಯ್ಯುವುದೆಂಬುದು ಒಂದು ಗಳಿಗೆಯಲ್ಲಿ ಮನಸ್ಸಿಗೆ ಹತ್ತುತ್ತದೆ, ಮತ್ತೆ ಮರೆಯುವುದಿಲ್ಲ. ಈ ಉಪಾಯವನ್ನು ಇಂಗ್ಲಿಷಿಗೆ ಅನ್ವಯಿಸಕೂಡದೆಂದು ಯಾವ ಶಾಸ್ತ್ರವು ವಿಧಿಸಿದೆ?

ಆದ್ಯಕ್ಷರವು ಮೋಸಮಾಡುವುದು ಮಕ್ಕಳನ್ನು ಮಾತ್ರವಲ್ಲ. ‘ಅಬಾಮಿನಬಲ್’ ಎಂದರೆ ಅತಿ ಹೇಯವಾದದ್ದು; ಅದು ‘ಅಬ್’ ಎಂಬುದಕ್ಕೆ ಶಕುನವೆಂಬರ್ಥದ ‘ಓಮೆನ್’ ಸೇರಿ ಆದುದು. ಮಧ್ಯಯುಗದ ಪಂಡಿತರು ಅದನ್ನು ಮನುಷ್ಯನೆಂಬರ್ಥದ ‘ಹೋಮೋ’ ಶಬ್ದದಿಂದ ಬಂದುದೆಂದು ಭ್ರಮಿಸಿ, ನಡುವೆ ಒಂದು ಹಕಾರವನ್ನು ತುರುಕಿ ಬರೆಯುತ್ತಿದ್ದರು. ಷೇಕ್ಸ್‌ಪಿಯರನು ‘ಲವ್ಸ್ ಲೇಬರ್ಸ್ ಲಾಸ್ಟ್’ ಎಂಬ ನಾಟಕದಲ್ಲಿ ಆ ಹಕಾರಕ್ಕಾಗಿ ಹಟಹಿಡಿಯುವ ಹೋಲೋಫರ್ನೀಸನೆಂಬ ಶಾಲೆಯ ಉಪಾಧ್ಯಾಯನನ್ನು ರಂಗಕ್ಕೆ ತಂದು ನಗೆಗೀಡುಮಾಡಿದ್ದಾನೆ. ಉಪಾಧ್ಯಾಯರಾದವರು ಆ ನಗೆಯಿಂದ ಪಾಠ ಕಲಿಯುವುದು ಲೇಸು.

ಪಟ್ಟಿಯ ಎರಡನೆಯ ದೋಷವು ಇದಕ್ಕಿಂತಲೂ ಭಾರವಾದುದು. ಬಂಧುಗಳಲ್ಲದವರನ್ನು ಕೂಡಿಸುವ ಈ ಪಟ್ಟಿಯು ಬಂಧುಗಳ ಮುಖಭೇದವನ್ನು ಅಳಿಸಿಹಾಕುತ್ತದೆ. ‘ಅಬ್ಯಾಂಡನ್’ ಎಂದರೆ ಬಿಡು. ‘ಅಬ್ಡಿಕೇಟ್’ ಎಂದರೆ ಬಿಡು. ‘ಅಬ್ಜೂರ್’ ಎಂದರೆ ಬಿಡು. ‘ಅಬ್ಸ್ಟೇನ್’ ಎಂದರೂ ಬಿಡು! ಹೀಗೆ ಕಲಿತ ವಿದ್ಯಾರ್ಥಿಯು ತನ್ನ ತಂದೆಯು ಹೊಗೆಬತ್ತಿಯನ್ನು ‘ಅಬ್ಡಿಕೇಟ್’ ಮಾಡಿದನೆಂದು ಬರೆದರೆ ಅವನನ್ನು ದೂಷಿಸುವುದು ಹೇಗೆ? ಪಟ್ಟಿಯ ಪ್ರಕಾರ ಅವನು ಬರೆದುದು ಸರಿಯೇ. 1936ರ ಡಿಸೆಂಬರಿನಲ್ಲಿ ಎಂಟನೆಯ ಎಡ್ವರ್ಡನು ಮಾಡಿದ್ದು ‘ಅಬ್ಡಿಕೇಟ್’. ಅದು ಪಟ್ಟವನ್ನು ವಿಧಿಪೂರ್ವಕವಾಗಿ ಬಿಟ್ಟುಕೊಡುವುದು. 1633ರ ಜೂನ್ 22ರಂದು ರೋಮ್ ನಗರದಲ್ಲಿ ಗೆಲಿಲಿಯೋ ಮಾಡಬೇಕಾಗಿ ಬಂದದ್ದು ‘ಅಬ್ಜೂರ್’. ಅದು ತಾನು ಹಿಡಿದ ಮತವನ್ನು ಪ್ರಮಾಣಮಾಡಿ ನಿರಾಕರಿಸುವುದು. ಮುಳುಗುವ ಹಡಗನ್ನು ನಾವಿಕರು ಮಾಡುವುದು ‘ಅಬ್ಯಾಂಡನ್’. ಏಕಾದಶಿಯ ದಿನ ಅನ್ನವನ್ನು ಬಿಡುವುದು ‘ಅಬ್ಸ್ಟೇನ್’. ಅರಸನ ತ್ಯಾಗ, ವಿಜ್ಞಾನಿಯ ಸಂಕಟ, ನಾವಿಕನ ಅಪಾಯ, ವ್ರತಸ್ಥನ ಸಂಯಮ, ಈ ನಾಲ್ಕನ್ನೂ ಒಂದೇ ‘ಬಿಡು’ ಎಂಬ ಶಬ್ದದಲ್ಲಿ ಅದ್ದಿ ತೆಗೆಯುವುದು ವಿದ್ಯೆಯಾದೀತೆ?

ಇದು ಕೇವಲ ಪಂಡಿತರ ಸೂಕ್ಷ್ಮವೆಂದು ಯಾರೂ ಉಪೇಕ್ಷಿಸಕೂಡದು. 1950ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯ ವಿಷಯದಲ್ಲಿ ‘ಅಬಾಲಿಷ್’ ಎಂಬ ಕ್ರಿಯಾಪದವನ್ನು ಪ್ರಯೋಗಿಸಿದೆ. ‘ಅಬಾಲಿಷ್’ ಎಂದರೆ ಒಂದು ವ್ಯವಸ್ಥೆಯನ್ನು ಅಧಿಕಾರದಿಂದ ಇಲ್ಲದಂತೆ ಮಾಡಿಬಿಡುವುದು. ಆ ಸ್ಥಾನದಲ್ಲಿ ‘ಅಬ್ಯಾಂಡನ್’ ಎಂದಿದ್ದರೆ, ಜನರು ಅದನ್ನು ಬಿಟ್ಟರೆಂದಷ್ಟೇ ಆಗುತ್ತಿತ್ತು. ಬಿಟ್ಟವರು ಮತ್ತೆ ಹಿಡಿಯಬಹುದಾಗಿತ್ತು. ‘ಅಬೇಟ್’ ಎಂದಿದ್ದರೆ ತಗ್ಗಿತೆಂದು ಮಾತ್ರ ಆಗುತ್ತಿತ್ತು. ಮೂರು ಶಬ್ದಗಳೂ ಪಟ್ಟಿಯ ಒಂದೇ ಪುಟದಲ್ಲಿವೆ. ಆದರೆ ಕೋಟ್ಯಂತರ ಮನುಷ್ಯರ ಮಾನವು ನಿಂತಿರುವುದು ಅವುಗಳಲ್ಲಿ ಒಂದರ ಮೇಲೆ.

ಇನ್ನು ಕನ್ನಡಕ್ಕೆ ಆಗುವ ನಷ್ಟವನ್ನು ಯಾರು ಎಣಿಸುತ್ತಾರೆ? ಬಿಡು, ತೊರೆ, ತ್ಯಜಿಸು, ಕೈಬಿಡು, ಬಿಟ್ಟುಕೊಡು, ವರ್ಜಿಸು, ನೀಗು ಎಂದು ಕನ್ನಡದಲ್ಲಿಯೂ ಬಿಡುವುದರಲ್ಲಿ ಎಷ್ಟು ಬಗೆಯುಂಟು! ಸ್ನೇಹಿತನನ್ನು ಕಷ್ಟಕಾಲದಲ್ಲಿ ಕೈಬಿಡುತ್ತಾರೆ, ಹಕ್ಕನ್ನು ಬಿಟ್ಟುಕೊಡುತ್ತಾರೆ, ಪಥ್ಯಕ್ಕೆ ಉಪ್ಪನ್ನು ವರ್ಜಿಸುತ್ತಾರೆ, ಪ್ರಾಣವನ್ನು ನೀಗುತ್ತಾರೆ. ಪಟ್ಟಿಯ ಎಡಬದಿಯಲ್ಲಿ ಇಂಗ್ಲಿಷು ಶಬ್ದಗಳು ಹೆಚ್ಚಿದಂತೆಲ್ಲ ಬಲಬದಿಯಲ್ಲಿ ಕನ್ನಡವು ಸವೆದು ಒಂದೇ ಸವಕಲು ನಾಣ್ಯವಾಗುತ್ತದೆ. ಮಗುವು ಬಾರದ ಭಾಷೆಯನ್ನು ಕಲಿಯಲಿಲ್ಲ. ಬಂದ ಭಾಷೆಯ ವಿವೇಕವನ್ನೂ ಕಳೆದುಕೊಂಡಿತು.

ಇದಕ್ಕೆ ಪೂರ್ವಪಕ್ಷಗಳುಂಟು. ‘ಪರೀಕ್ಷೆಯಲ್ಲಿ ಸಮಾನಾರ್ಥಕಪದವನ್ನು ಕೇಳುವವರೆಗೆ ಪಟ್ಟಿಯು ತಪ್ಪದು’ ಎಂಬುದು ಮೊದಲನೆಯದು. ಉದ್ಯೋಗದ ಸ್ಪರ್ಧಾಪರೀಕ್ಷೆಗಳಲ್ಲಿ ಅಂಥ ಪ್ರಶ್ನೆಗಳಿರುವುದು ನಿಜ. ಆದರೆ ಅಲ್ಲಿ ‘ಅಬ್ಜೂರ್’ ಎಂಬುದರ ಪಕ್ಕದಲ್ಲಿ, ವಿಧಿಸಿ ಬೇಡಿಕೊಳ್ಳುವುದೆಂಬರ್ಥದ ‘ಅಡ್ಜೂರ್’ ಎಂಬುದನ್ನು ಬಲೆಯಾಗಿ ಒಡ್ಡಿದರೆ, ಆದ್ಯಕ್ಷರವನ್ನು ನಂಬಿದವನೇ ಮೊದಲು ಬೀಳುವನು. ಅಮೆರಿಕದಲ್ಲಿ ಉನ್ನತ ವ್ಯಾಸಂಗಮಾಡಲಿಚ್ಛಿಸುವ ಕನ್ನಡದ ಮಕ್ಕಳೂ ಬರೆಯುವ ಜಿ.ಆರ್.ಇ. ಪರೀಕ್ಷೆಯಲ್ಲಿ ವಿರುದ್ಧಪದಗಳ ಬಿಡಿ ಪ್ರಶ್ನೆಗಳನ್ನು 2011ರಲ್ಲಿಯೇ ತೆಗೆದುಹಾಕಿ, ಶಬ್ದವನ್ನು ವಾಕ್ಯದಲ್ಲಿಟ್ಟು ಪರೀಕ್ಷಿಸುವ ಕ್ರಮಕ್ಕೆ ಪ್ರಾಧಾನ್ಯವನ್ನು ಕೊಟ್ಟರು. ಪರೀಕ್ಷಕರೇ ಬಿಟ್ಟುದನ್ನು ಪರೀಕ್ಷೆಯ ಹೆಸರಿನಲ್ಲಿ ಹಿಡಿದುಕೊಂಡಿರುವುದು ಸೋಜಿಗವಲ್ಲವೇ?

‘ಅಮರಕೋಶವನ್ನು ಉರುಹಚ್ಚಿದವರು ಇಂಗ್ಲಿಷು ಪಟ್ಟಿಯನ್ನು ಉರುಹಚ್ಚುವುದನ್ನು ಹೇಗೆ ಆಕ್ಷೇಪಿಸಬಹುದು?’ ಎಂಬುದು ಎರಡನೆಯದು. ಅಮರಸಿಂಹನು ಶಬ್ದಗಳನ್ನು ಜೋಡಿಸಿದ್ದು ಸ್ವರ್ಗ, ದಿಕ್ಕು, ಕಾಲ, ಭೂಮಿ ಎಂಬ ವಸ್ತುಕ್ರಮದಲ್ಲಿ, ಅಕ್ಷರಕ್ರಮದಲ್ಲಿ ಅಲ್ಲ. ಭೂಮಿಗೆ ಹಲವು ಹೆಸರುಗಳನ್ನು ಒಟ್ಟಿಗೆ ಹೇಳಿದರೂ, ಧರಿಸುವುದರಿಂದ ಧರಾ, ಸಂಪತ್ತುಳ್ಳದ್ದರಿಂದ ವಸುಮತೀ, ಚಲಿಸದಿರುವುದರಿಂದ ಅಚಲಾ ಎಂದು ಗುರುವು ಬಿಡಿಸಿ ಹೇಳುತ್ತಿದ್ದನು. ಒಂದೇ ಶಬ್ದಕ್ಕೆ ಅನೇಕಾರ್ಥಗಳಿದ್ದು ವಸ್ತುಕ್ರಮವು ಸಾಗದ ನಾನಾರ್ಥವರ್ಗದಲ್ಲಿ ಮಾತ್ರ ಕಾಂತ, ಖಾಂತ ಎಂದು ಅಂತ್ಯಾಕ್ಷರದ ಕ್ರಮವನ್ನು ಹಿಡಿದನು. ಯಾವ ಕ್ರಮವು ಎಲ್ಲಿ ಸಲ್ಲುವುದೆಂಬುದನ್ನು ಅವನು ಬಲ್ಲವನಾಗಿದ್ದನು. ಅಮರವೊಂದರಿಂದಲೇ ಪ್ರಯೋಗದ ಔಚಿತ್ಯವು ಬಾರದೆಂಬುದನ್ನು ಒಪ್ಪಬೇಕು. ಆದಕಾರಣವೇ ಅದರೊಡನೆ ಕಾವ್ಯವನ್ನೂ ಓದಿಸುತ್ತಿದ್ದರು. ಇಂಗ್ಲಿಷರಲ್ಲಿಯೂ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯನು 1852ರಲ್ಲಿ ಭಾವಕ್ರಮದ ಪರ್ಯಾಯಕೋಶವನ್ನು ಪ್ರಕಟಿಸಿದಾಗ, ತನ್ನ ಪೂರ್ವಿಕರಲ್ಲಿ ಅತ್ಯಂತ ಪ್ರಾಚೀನವೆಂದು ಹೆಸರಿಸಿದ್ದು ಕೋಲ್‌ಬ್ರೂಕನು 1808ರಲ್ಲಿ ಶ್ರೀರಾಮಪುರದಲ್ಲಿ ಅಚ್ಚುಹಾಕಿಸಿದ ಅಮರಕೋಶವನ್ನೇ. ಅದರ ವಿಭಾಗವು ಅಪೂರ್ಣವೆಂದು ಅವನು ಆಕ್ಷೇಪಿಸಿದ್ದು ಬೇರೆ ಮಾತು. ದಾರಿಯು ಒಂದೇ ಎಂಬುದನ್ನು ಮರೆಮಾಚಲಿಲ್ಲ. ಅಕ್ಷರಕ್ರಮದ ಸೂಚಿಯನ್ನು ಅವನು ಇಟ್ಟದ್ದು ಗ್ರಂಥದ ಕೊನೆಯಲ್ಲಿ, ಹುಡುಕುವವರಿಗಾಗಿ.

ಮೂರನೆಯ ಪೂರ್ವಪಕ್ಷವು ಚಮತ್ಕಾರವಾಗಿದೆ. ‘ಗ್ಲಿಟರ್, ಗ್ಲೀಮ್, ಗ್ಲೋ, ಗ್ಲಿಮರ್ ಎಂಬಿವು ಆದ್ಯಕ್ಷರದಿಂದಲೂ ಅರ್ಥದಿಂದಲೂ ಹೊಂದಿಕೊಂಡಿಲ್ಲವೇ?’ ಎಂದು ಕೇಳುವವರುಂಟು. ಹೊಂದಿಕೊಂಡಿವೆ. ಇಂಥ ಧ್ವನಿಸಾಮ್ಯವನ್ನು ಜಾನ್ ವಾಲಿಸನು 1653ರಷ್ಟು ಹಿಂದೆಯೇ ತನ್ನ ವ್ಯಾಕರಣದಲ್ಲಿ ಗಮನಿಸಿದ್ದನು. ಕನ್ನಡದಲ್ಲಿಯೂ ಮಿಂಚು, ಮಿನುಗು, ಮಿರುಗು, ಮಿಣುಕು ಎಂದು ‘ಮಿ’ಕಾರದ ಬೆಳಕು ಉಂಟಷ್ಟೆ. ಆದರೆ ಗೋಂದಿನ ‘ಗ್ಲೂ’, ಕೈಚೀಲದ ‘ಗ್ಲೌವ್’ ಎಂಬಿವುಗಳಲ್ಲಿ ಬೆಳಕೆಲ್ಲಿದೆ? ಮಿದುಳಿನಲ್ಲಿಯೂ ಮಿಡಿಗಾಯಿಯಲ್ಲಿಯೂ ಮಿಂಚೆಲ್ಲಿದೆ? ಸಾಮ್ಯವು ಕಂಡಲ್ಲಿ ತೋರಿಸಿ ಆನಂದಿಸಬೇಕು; ಕಾಣದಲ್ಲಿ ಅದನ್ನು ನಿಯಮವೆಂದು ನಂಬಿಸಕೂಡದು. ಇಷ್ಟಾಗಿ ಬೆಳಗುವ ಆ ನಾಲ್ಕೂ ಒಂದೇ ಅಲ್ಲ. ಕೆಂಡವು ‘ಗ್ಲೋ’ ಆಗುತ್ತದೆ, ‘ಗ್ಲಿಟರ್’ ಆಗುವುದಿಲ್ಲ. ಒಡವೆಯು ಥಳಥಳಿಸುತ್ತದೆ, ದೂರದ ದೀಪವು ಮಿಣುಕುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಉಪಾಯವು ದುಬಾರಿಯಲ್ಲ. ದಿನಕ್ಕೆ ಐವತ್ತರ ಬದಲು ಐದು ಶಬ್ದಗಳು ಸಾಕು. ಪ್ರತಿಯೊಂದಕ್ಕೂ ಮೊದಲು ಒಂದು ವಾಕ್ಯ, ಅನಂತರ ಅದರ ಉಪಸರ್ಗ ಮತ್ತು ಮೂಲ, ಅನಂತರ ಆ ವಾಕ್ಯಕ್ಕೆ ತಕ್ಕ ಕನ್ನಡದ ಮಾತು. ಸಮಾನಾರ್ಥಕಗಳನ್ನು ಕೂಡ ಒಂದೇ ದಿನ ತುಂಬಬಾರದು. ಒಂದು ಬೇರೂರಿದ ಮೇಲೆ ಇನ್ನೊಂದನ್ನು ತಂದು, ‘ಇದಕ್ಕೂ ಅದಕ್ಕೂ ಏನು ಭೇದ?’ ಎಂದು ಕೇಳಬೇಕು. ಶಬ್ದವನ್ನು ಹುಡುಕುವ ಕೆಲಸವನ್ನು ಈಗ ಯಂತ್ರವೇ ಕ್ಷಣದಲ್ಲಿ ಮಾಡಿಕೊಡುತ್ತಿರುವುದರಿಂದ ಅಕ್ಷರಕ್ರಮಕ್ಕೆ ಇದ್ದ ಒಂದು ಪ್ರಯೋಜನವೂ ವಿದ್ಯಾರ್ಥಿಯ ಪಾಲಿಗೆ ಬಹುಮಟ್ಟಿಗೆ ತೀರಿತು. ಭೇದವನ್ನು ವಿವೇಚಿಸುವ ಕೆಲಸವಾದರೋ ಮಗುವಿನ ಬುದ್ಧಿಯಿಂದಲೇ ಆಗಬೇಕು. ಆದುದರಿಂದ ತಂದೆತಾಯಿಗಳು ಸಂಜೆಯ ಪ್ರಶ್ನೆಯನ್ನು ಬದಲಾಯಿಸಲಿ. ‘ಎಷ್ಟಾಯಿತು?’ ಎಂದು ಕೇಳುವುದನ್ನು ಬಿಟ್ಟು, ‘ಈ ಶಬ್ದವನ್ನು ಎಲ್ಲಿ ಹೇಳಬಹುದು, ಎಲ್ಲಿ ಹೇಳಬಾರದು?’ ಎಂದು ಕೇಳಲಿ. ಒಂದು ಶಬ್ದಕ್ಕಾದರೂ ಇದಕ್ಕೆ ಸರಿಯಾದ ಉತ್ತರವು ಬಂದರೆ, ಆ ದಿನದ ಪಾಠವು ಸಾರ್ಥಕವಾಯಿತೆಂದು ತಿಳಿಯಬಹುದು.