ಮನೆವಾರ್ತೆ: ಕಪಾಟಿನ ಮೇಲಣ ತೆರಪು

ಬಯಲುಸೀಮೆಯಿಂದ ಉದ್ಯೋಗನಿಮಿತ್ತ ಉಡುಪಿ, ಮಣಿಪಾಲಗಳಿಗೆ ಬಂದು ಸ್ವಂತ ಮನೆ ಮಾಡಿಕೊಂಡಿರುವ ಕುಟುಂಬಗಳುಂಟು. ಅಂಥವರ ಅಡಿಗೆಮನೆಯಲ್ಲಿ ಗೋಡೆಯ ಕಪಾಟುಗಳಿಗೂ ಛಾವಣಿಗೂ ನಡುವೆ ಒಂದು, ಒಂದೂವರೆ ಅಡಿಯ ತೆರಪು ಉಳಿದಿರುತ್ತದೆ. ಎಣ್ಣೆಯ ಜಿಡ್ಡು ಧೂಳಿನೊಡನೆ ಬೆರೆತು ಅಲ್ಲಿ ಅಂಟಾಗಿ ಕೂರುವುದರಿಂದ, ಅದನ್ನು ಪೆಟ್ಟಿಗೆಯಂತೆ ಮುಚ್ಚಿಸಬೇಕೆಂದು ಗೃಹಿಣಿಯರು ಬಯಸುವುದು ಸಹಜವೇ. ಆದರೆ ಯಾವ ವಸ್ತುವಿನಿಂದ ಮುಚ್ಚಿಸಬೇಕೆಂಬಲ್ಲಿ ಧಾರವಾಡ, ವಿಜಯಪುರಗಳ ಅನುಭವ ಇಲ್ಲಿ ಸಲ್ಲದು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಸೀಮೆಯಿದು.

ಇಲ್ಲಿಯ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಮರದ ಅಟ್ಟವಿರುತ್ತಿತ್ತು. ಸೌದೆಯ ಹೊಗೆ ನಿತ್ಯವೂ ತಾಕಿ ಹಲಗೆಯನ್ನು ಒಣಗಿಸುತ್ತಿತ್ತು, ಹುಳುವನ್ನು ದೂರವಿಡುತ್ತಿತ್ತು. ಅಡಿಗೆ ಅನಿಲಕ್ಕೆ ಆ ಗುಣವಿಲ್ಲ. ಅದು ಉರಿದಾಗ ನೀರಾವಿಯೇ ಹುಟ್ಟುತ್ತದೆ. ಅನ್ನದ ಪಾತ್ರೆಯ ಹಬೆಯೂ ಅದರೊಡಗೂಡಿ ಮೇಲೇರಿ, ನಾವು ಮುಚ್ಚಬೇಕೆಂದಿರುವ ಆ ಮೂಲೆಯಲ್ಲಿಯೇ ತಂಗುತ್ತದೆ.

ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗವೇನೋ ಹೌದು. ಅಂಚಿನಲ್ಲಿ ನೀರು ಕುಡಿದು ಒಮ್ಮೆ ಉಬ್ಬಿತೆಂದರೆ, ಒಣಗಿದರೂ ಮೊದಲಿನ ಆಕಾರಕ್ಕೆ ಮರಳದು. ಕರಾವಳಿಯ ಅಡಿಗೆಮನೆಗೆ ಅದನ್ನು ತರಲೇಬಾರದೆಂಬುದು ನಮ್ಮ ಅಭಿಪ್ರಾಯ. ಜಿಪ್ಸಮ್ ಹಲಗೆ ಹಗುರ, ನುಣುಪು, ಪಡಸಾಲೆಗೆ ಒಪ್ಪುತ್ತದೆ. ಛಾವಣಿ ಸೋರುವಲ್ಲಿ ಅದು ನೆನೆದು ಜೋತುಬೀಳುತ್ತದೆ.

ಪ್ಲೈವುಡ್ಡಿನಲ್ಲಿಯೇ ಮೋಸ ಹೆಚ್ಚು. ‘ವಾಟರ್‌ಪ್ರೂಫ್’ ಎಂಬ ಬಾಯಿಮಾತನ್ನು ನಂಬದೆ ಹಲಗೆಯ ಮೇಲಿನ ಮುದ್ರೆಯನ್ನು ಓದಿರಿ. ‘ಎಂ.ಆರ್.’ ಎಂದಿದ್ದರೆ ಅದು ಗಾಳಿಯ ತೇವವನ್ನಷ್ಟೆ ಸಹಿಸಬಲ್ಲದು. ಐ.ಎಸ್. 710 ಎಂಬ ಸಂಖ್ಯೆಯೊಡನೆ ಐ.ಎಸ್.ಐ. ಮುದ್ರೆಯಿದ್ದರೆ ಮೆರೈನ್ ದರ್ಜೆ. 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡದಂಥ ಅಂಟು ಅದರದು. ಬೆಲೆ ಹೆಚ್ಚು, ನಿಜ. ಈ ಕೆಲಸಕ್ಕೆ ಬೇಕಾಗುವುದಾದರೂ ಒಂದೆರಡು ಹಲಗೆ ಮಾತ್ರ. ಕತ್ತರಿಸಿದ ಅಂಚುಗಳಿಗೆ ಬಣ್ಣ ಬಳಿಯುವುದನ್ನು ಬಡಗಿ ಮರೆತರೆ ನೆನಪಿಸಿರಿ. ಊರಿನ ಹಲಸಿನ ಹಲಗೆಯೂ ಉತ್ತಮವೇ, ಚೆನ್ನಾಗಿ ಒಣಗಿದ್ದರೆ. ಹಸಿಯಿದ್ದರೆ ಬಾಗುತ್ತದೆ.

ಗೆದ್ದಲಿನ ಕಾಟವಿರುವಲ್ಲಿ ಸಿಮೆಂಟು-ನಾರಿನ ಹಲಗೆ ಮೇಲು. ಅದು ಕೊಳೆಯದು, ಹುಳುವಿಗೆ ಆಹಾರವಾಗದು. ತೂಕ ಮಾತ್ರ ಹೆಚ್ಚು. ತೂತು ಕೊರೆದೇ ತಿರುಪು ಹಾಕಬೇಕು. ಅದನ್ನು ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು. ಕೊಯ್ಯುವ ಕೆಲಸ ಅಂಗಳದಲ್ಲಾಗಲಿ, ಮಕ್ಕಳು ದೂರವಿರಲಿ. ಪಿ.ವಿ.ಸಿ. ಹಲಗೆಗೆ ನೀರಿನ ಭಯವಿಲ್ಲ, ಕಾವಿನ ಭಯವುಂಟು. ಒಲೆಯ ನೇರಕ್ಕೆ ಬೇಡ. ಕಾಪುವಿನಂತೆ ಕಡಲಿಗೆ ಹತ್ತಿರವಿರುವಲ್ಲಿ ಉಪ್ಪುಗಾಳಿಗೆ ಸಾಧಾರಣ ಕಬ್ಬಿಣದ ತಿರುಪುಗಳು ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲಿನವನ್ನೇ ಕೇಳಿರಿ.

ವಸ್ತು ಎಷ್ಟೇ ಉತ್ತಮವಾಗಿದ್ದರೂ ಗಾಳಿಯಾಡದಂತೆ ಬಿಗಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಕೆಂಪುಕಲ್ಲಿನ ಹೊರಗೋಡೆ ಮಳೆಯನ್ನು ಹೀರುತ್ತದೆ. ಹಲಗೆ ಅದಕ್ಕೆ ತಾಗದಂತೆ ಒಂದಂಗುಲ ಬಿಡಿಸಿ, ಎರಡು ಕೊನೆಗಳಲ್ಲಿ ಜಾಲರಿಯ ಕಿಂಡಿಗಳನ್ನಿಡಿಸಿರಿ. ಚೌಕಟ್ಟಿನ ಭಾರವನ್ನು ಗೋಡೆ, ಛಾವಣಿಗಳೇ ಹೊರಲಿ, ಕಪಾಟಲ್ಲ. ಹಬ್ಬದ ಹಿತ್ತಾಳೆ ಹಂಡೆಗಳಿಗೆ ಅದು ಸ್ಥಳವಲ್ಲ; ಸ್ಟೂಲು ಹತ್ತಿ ಅವನ್ನು ಇಳಿಸಬೇಕಾದವರು ಹೆಚ್ಚಾಗಿ ಮನೆಯ ಹಿರಿಯ ತಾಯಂದಿರೇ.

ಹೊಸ ಮನೆಯವರು ಒಂದು ಮಳೆಗಾಲ ಕಾಯುವುದು ಲೇಸು. ಆಷಾಢ, ಶ್ರಾವಣಗಳಲ್ಲಿ ಛಾವಣಿ ಎಲ್ಲಿ ಒಸರುವುದೆಂದು ಕಣ್ಣಾರೆ ನೋಡಿ, ಅದನ್ನು ಸರಿಪಡಿಸಿ, ದೀಪಾವಳಿ ಕಳೆದ ಬಳಿಕ ಬಡಗಿಯನ್ನು ಕರೆಸಿರಿ.