ಹೇಗ್ ಕೋರ್ಟಿನ ಪಾಠ ಮಾಗೋಡಿನ ಹುಡುಗರಿಗೆ ಯಾಕೆ?

ಹಾಸ್ಟೆಲಿನ ಹುಡುಗರು ಲಾ ಓದ್ತೀವಿ ಅಂದರೆ ಊರಿನವರು ಒಪ್ಪುತ್ತಾರೆ, ಜಮೀನಿನ ಕೇಸಿಗಾದರೂ ಆದೀತು ಅಂತಾರೆ. ಅಂತರರಾಷ್ಟ್ರೀಯ ಅಪರಾಧ ಕಾನೂನು ಓದ್ತೀವಿ ಅಂದರೆ ಮಾತ್ರ ನಗುತ್ತಾರೆ. ಮಾಗೋಡಿನಿಂದ ಯಲ್ಲಾಪುರದ ಕೋರ್ಟಿಗೆ ಹೋಗೋದೇ ಕಷ್ಟ, ಇವರಿಗೆ ಹೇಗ್ ನಗರದ ಕೋರ್ಟು ಬೇಕಂತೆ! ಈ ನಗೆಗೆ ನಾವು ಉತ್ತರ ಕೊಡಬೇಕಾಗಿದೆ.

ಈ ಕಾನೂನು ಬೆಳೆದದ್ದು ಸತ್ತವರ ಲೆಕ್ಕ ಕೇಳುವುದಕ್ಕೆ. 1945ರಲ್ಲಿ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರನ್ನು ಕಟಕಟೆಗೆ ನಿಲ್ಲಿಸಿದಾಗ ಒಂದು ಮಾತು ಗಟ್ಟಿಯಾಯಿತು: ಮೇಲಿನವರು ಹೇಳಿದರು, ನಾನು ಮಾಡಿದೆ ಅಂತ ಕೈ ತೊಳೆದುಕೊಳ್ಳುವಂತಿಲ್ಲ. ಹೇಳಿದವನೂ ಹೊಣೆ, ಮಾಡಿದವನೂ ಹೊಣೆ. 1998ರಲ್ಲಿ ರೋಮ್ ಒಪ್ಪಂದವಾಯಿತು, 2002ರಲ್ಲಿ ಜಾರಿಗೆ ಬಂತು. ಮನುಕುಲದ ಮೇಲಿನ ಅಪರಾಧಗಳು ಅದರ 7ನೇ ಕಲಮಿನಲ್ಲಿವೆ: ಕೊಲೆ, ಗುಲಾಮಗಿರಿ, ವರ್ಣಭೇದ, ಒಂದು ಜನವರ್ಗವನ್ನೇ ಗುರಿಯಿಟ್ಟು ಹಿಂಸಿಸುವುದು. ಜಾತಿ ಎಂಬ ಪದ ಮಾತ್ರ ಅಲ್ಲಿಲ್ಲ.

ಗುಲಾಮಗಿರಿ ನೋಡೋಕೆ ನಾವು ದೂರ ಹೋಗಬೇಕಿಲ್ಲ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಬಂಧುಗಳ ಹಿರೀಕರನ್ನು ಆಫ್ರಿಕದಿಂದ ಗುಲಾಮರಾಗಿ ತಂದವರಲ್ಲಿ ಪೋರ್ಚುಗೀಸರಿದ್ದರು. ಅದು ಮನುಕುಲದ ಮೇಲಿನ ಅಪರಾಧ, ಹಿಂದೆಯೂ ಹಾಗೆಯೇ ಎಣಿಸಬೇಕಿತ್ತು ಅಂತ ಡರ್ಬನ್ ಸಮ್ಮೇಳನ ಸಾರಿದ್ದು 2001ರಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ.

ಅದೇ ಡರ್ಬನ್ನಿಗೆ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆ ಹೊತ್ತು ಹೋದವು. ಅದು ನಮ್ಮ ಒಳಗಿನ ವಿಷಯ ಅಂತ ಭಾರತ ಸರ್ಕಾರ ಅಡ್ಡ ನಿಂತಿತು. ಇದೇ ಭಾರತ 1946ರಲ್ಲಿ ದಕ್ಷಿಣ ಆಫ್ರಿಕದ ಭಾರತೀಯರ ಪರವಾಗಿ ವಿಶ್ವಸಂಸ್ಥೆಗೆ ದೂರು ಒಯ್ದಿತ್ತು. ಆಗ ದಕ್ಷಿಣ ಆಫ್ರಿಕ ಏನಂದಿತು ಗೊತ್ತೆ? ಅದು ನಮ್ಮ ಒಳಗಿನ ವಿಷಯ ಅಂತಲೇ! ಅಲ್ಲಿಯ ಬಣ್ಣದ ಗೋಡೆ ಲೋಕದ ವಿಷಯ, ಇಲ್ಲಿಯ ಕೇರಿಯ ಗೋಡೆ ಮನೆಯ ವಿಷಯ. ಇದು ಯಾವ ನ್ಯಾಯ?

ಭಾರತ ರೋಮ್ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಮ್ಮ ಕೇಸು ಹೇಗಿಗೆ ಹೋಗುತ್ತೆ ಅಂತ ನಾವು ಯಾರಿಗೂ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಮತ್ತೆ ಓದಿ ಏನು ಬಂತು?

ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿ ಹೇಳಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೂದಿ ಉಂಟು, ಬೆಂಕಿ ಇಟ್ಟವರು ಯಾರೂ ಇಲ್ಲ! ಹಳ್ಳಿಯಲ್ಲಿ ಕೂಲಿ, ನೀರು, ದಾರಿ ಎಲ್ಲ ಉಳ್ಳವರ ಕೈಲಿರುವಾಗ ಸಾಕ್ಷಿ ಎಷ್ಟು ದಿನ ಗಟ್ಟಿ ನಿಂತಾನು?

ಇಲ್ಲಿಯೇ ಹೇಗಿನ ಪಾಠ ನಮಗೆ ಬೇಕು. ಸಾಕ್ಷಿಗಳನ್ನು ಕಾಯಲೆಂದೇ ಆ ಕೋರ್ಟಿನಲ್ಲಿ ಒಂದು ವಿಭಾಗವಿದೆ. ನೊಂದವರು ತಮ್ಮ ವಕೀಲರ ಮೂಲಕ ಅಲ್ಲಿ ಮಾತಾಡಬಹುದು. ನಮ್ಮ 1989ರ ದೌರ್ಜನ್ಯ ತಡೆ ಕಾಯ್ದೆಗೂ 2015ರ ತಿದ್ದುಪಡಿಯಲ್ಲಿ 15ಎ ಕಲಮು ಬಂತು: ಸಾಕ್ಷಿಗೆ ರಕ್ಷಣೆ, ಓಡಾಟದ ಖರ್ಚು, ನೊಂದವರಿಗೆ ಜಾಮೀನಿನ ವಿಚಾರಣೆಯಲ್ಲೂ ಮಾತಾಡುವ ಹಕ್ಕು. ಎಷ್ಟು ಕೇರಿಗೆ ಇದು ಗೊತ್ತು? ಮರಕುಂಬಿಯಲ್ಲಿ 2014ರಲ್ಲಿ ನಡೆದ ದೌರ್ಜನ್ಯಕ್ಕೆ ಕೊಪ್ಪಳದ ಕೋರ್ಟು 2024ರಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹತ್ತು ವರ್ಷ ಹಿಡಿಯಿತು. ಆದರೆ ಗುಂಪಾಗಿ ಮಾಡಿದ ಪಾಪಕ್ಕೆ ಹೆಸರು ಹಿಡಿದು ಹೊಣೆ ಹೊರಿಸಬಹುದು ಅಂತ ಅದು ತೋರಿಸಿತು.

ಗೆಳೆಯರೆ, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಹೋಗಿ, ಧಾರವಾಡಕ್ಕೆ ಹೋಗಿ, ಸಾಧ್ಯವಾದರೆ ಹೇಗಿಗೂ ಹೋಗಿ. ಹಾಸ್ಟೆಲಿನ ಅನ್ನ ಉಂಡು ದೊಡ್ಡ ವಿಷಯ ಯಾಕೆ ಅಂತ ಅಂಜಬೇಡಿ. ಬಾಬಾಸಾಹೇಬರು ಲಂಡನ್ನಿನಲ್ಲಿ ಓದಿದ ಕಾನೂನು ಕೇರಿಗೆ ಕೆಲಸಕ್ಕೆ ಬಂತಲ್ಲವೆ? ಆದರೆ ಓದಿದವರು ಠಾಣೆಯ ಬಾಗಿಲಿಗೆ ವಾಪಸು ಬನ್ನಿ. ಅಲ್ಲಿ ನಮ್ಮ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ದೂರು ಬರೆಸೋಕೆ ಕಾದು ನಿಂತಿದ್ದಾರೆ.